ಬಾಟಲಿಯೊಳಗಿನ ಒಟ್ಲು

ನಮ್ಮೂರು ಮಿರ್ಲೆಯ ಪಶು ಆಸ್ಪತ್ರೆಯ ಮೂಲೆಯಲ್ಲಿ ಒಂದು ಅಲ್ಯೂಮಿನಿಯಂ ಕ್ಯಾನ್ ಇರುತ್ತಿತ್ತು. ಡೇರಿಯ ಹಾಲಿನ ಕ್ಯಾನಿಗಿಂತ ದಪ್ಪ, ಕತ್ತು ಮಾತ್ರ ಸಣ್ಣದು. ಹಸು ಬೆದೆಗೆ ಬಂದಿದೆಯೆಂದು ಅಪ್ಪ ಹಗ್ಗ ಹಿಡಿದು ಹೊರಟರೆ ನಾನೂ ಹಿಂದೆಯೇ ಹೋಗುತ್ತಿದ್ದೆ. ಕಾಂಪೌಂಡರು ಮುಚ್ಚಳ ಎತ್ತಿದೊಡನೆ ಬಿಳಿಯ ಹೊಗೆ ಉಕ್ಕಿ, ಕ್ಯಾನಿನ ಮೈಮೇಲೆ ಜಾರಿ ನೆಲಕ್ಕೆ ಇಳಿಯುತ್ತಿತ್ತು. ಒಲೆಯ ಹೊಗೆ ಮೇಲಕ್ಕೇರುವುದನ್ನು ಮಾತ್ರ ಕಂಡಿದ್ದ ನನಗೆ ಕೆಳಕ್ಕೆ ಹರಿಯುವ ಆ ಹೊಗೆ ನೋಡಿದಷ್ಟೂ ಸಾಲದು. ಅವರು ಚಿಮಟದಲ್ಲಿ ಹುಲ್ಲುಕಡ್ಡಿಯಂಥ ಒಂದು ಸಣ್ಣ ನಳಿಕೆ ತೆಗೆದು ಬೆಚ್ಚನೆಯ ನೀರಿಗೆ ಅದ್ದುತ್ತಿದ್ದರು. ಅದು ಯಾವುದೋ ಊರಿನ ಹೋರಿಯ ವೀರ್ಯ. "ಇದರೊಳಗೆ ಜೀವ ಐತೆ ಕಣ್ ಮಗ, ನಿದ್ದೆ ಮಾಡ್ತಾ ಐತೆ" ಅಂದಿದ್ದರು ಅಪ್ಪ.

2004ರಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರಿದ ಮೊದಲ ವಾರ ಅಂಥದೇ ಕ್ಯಾನ್ ಮತ್ತೆ ಕಂಡಿತು. ಅದೇ ಸಣ್ಣ ಕತ್ತು, ಅದೇ ಕೆಳಕ್ಕೆ ಹರಿಯುವ ಹೊಗೆ. ಮಾನಸ ಗಂಗೋತ್ರಿಯಲ್ಲಿ ಎಂಎಸ್ಸಿ ಮುಗಿಸಿ, ಪುಸ್ತಕದಲ್ಲಿ ಓದಿದ್ದೆಲ್ಲ ತಲೆಯಲ್ಲಿದ್ದರೂ ಕೈಗೆ ಏನೂ ಬರದ ಹುಡುಗಿ ನಾನು. ಆ ಕ್ಯಾನ್ ಕಂಡ ಮೇಲೆ ಧೈರ್ಯ ಬಂತು. ಇದು ನನಗೆ ಗೊತ್ತಿರುವ ವಸ್ತು ಅನ್ನಿಸಿತು.

ಒಳಗೆ ದ್ರವ ಸಾರಜನಕ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗೆ. ಅದರಲ್ಲಿ ಬೆರಳುದ್ದದ ಪ್ಲಾಸ್ಟಿಕ್ ವಯಲುಗಳಲ್ಲಿ ಲಕ್ಷಗಟ್ಟಲೆ ಜೀವಕೋಶಗಳು. ನಮ್ಮ ವಿಭಾಗದ ಮೇಡಂ ಒಂದು ವಯಲ್ ತೆಗೆದು, 37 ಡಿಗ್ರಿಯ ನೀರಿಗೆ ಹಾಕಿ ಅಲ್ಲಾಡಿಸುತ್ತಾ, "ಮಲಗಿಸುವಾಗ ನಿಧಾನ, ಎಬ್ಬಿಸುವಾಗ ಆತುರ. ಇದೊಂದನ್ನು ಮರೀಬೇಡ" ಅಂದರು. ಹೆಪ್ಪುಗಟ್ಟಿಸುವಾಗ ನಿಮಿಷಕ್ಕೆ ಒಂದೊಂದೇ ಡಿಗ್ರಿ ಇಳಿಸಬೇಕು, ಇಲ್ಲದಿದ್ದರೆ ಒಳಗೆ ಮಂಜಿನ ಸೂಜಿಗಳು ಎದ್ದು ಕೋಶವನ್ನು ಹರಿದು ಹಾಕುತ್ತವೆ. ಅದನ್ನು ತಡೆಯಲು ಸೇರಿಸುವ ಡಿಎಂಎಸ್‌ಒ ಎಂಬ ದ್ರವ ಚಳಿಯಲ್ಲಿ ಕಾಯುತ್ತದೆ, ಬೆಚ್ಚಗಾದರೆ ವಿಷವಾಗುತ್ತದೆ. ಆದ್ದರಿಂದ ಕರಗಿಸುವಾಗ ಒಂದೆರಡು ನಿಮಿಷವೇ ಎಲ್ಲ. ಚೂರೇ ಚೂರು ಮಂಜು ಉಳಿದಿರುವಾಗಲೇ ಹೊರತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಪೋಷಕ ದ್ರವಕ್ಕೆ ಸುರಿಯಬೇಕು.

ನಾವು ಬೆಳೆಸುತ್ತಿದ್ದದ್ದು ಬಿಎಚ್‌ಕೆ-21 ಎಂಬ ಕೋಶ. 1961ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಮ್ಯಾಕ್‌ಫರ್ಸನ್ ಮತ್ತು ಮೈಕೆಲ್ ಸ್ಟೋಕರ್ ಎಂಬಿಬ್ಬರು ಹುಟ್ಟಿ ಒಂದು ದಿನವಾಗಿದ್ದ ಹ್ಯಾಮ್‌ಸ್ಟರ್ ಮರಿಗಳ ಮೂತ್ರಪಿಂಡದಿಂದ ಬಿಡಿಸಿ ಬೆಳೆಸಿದ್ದು. ಹ್ಯಾಮ್‌ಸ್ಟರ್ ಅಂದರೆ ಇಲಿಯ ದಾಯಾದಿ, ಅಂಗೈಯಲ್ಲಿ ಹಿಡಿಸುವ ಪ್ರಾಣಿ. ಸಾಮಾನ್ಯವಾಗಿ ಹೀಗೆ ಬಿಡಿಸಿದ ಕೋಶಗಳು ಕೆಲವು ಸಲ ಒಡೆದು ಎರಡಾಗಿ, ಒಂದು ಎಣಿಕೆ ಮುಗಿದ ಮೇಲೆ ನಿಂತುಹೋಗುತ್ತವೆ. ಇವು ನಿಲ್ಲಲಿಲ್ಲ. ಆ ಮರಿಗಳು ಹೋಗಿ ನಲವತ್ತು ವರ್ಷ ಕಳೆದ ಮೇಲೆ ಅವುಗಳ ಕೋಶ ಬೆಂಗಳೂರಿನಲ್ಲಿ ನನ್ನ ಕೈಯ ಬಾಟಲಿಯಲ್ಲಿ ಬದುಕಿತ್ತು. ಅವಕ್ಕೆ ಕೊಡುವ ಪೋಷಕ ದ್ರವದ ಹೆಸರಿನಲ್ಲೂ ಗ್ಲಾಸ್ಗೋ ಇದೆ.

ಮರುದಿನ ಬೆಳಿಗ್ಗೆ ಮೇಡಂ ಬಾಟಲಿಯನ್ನು ತಲೆಕೆಳಗಾದ ಮೈಕ್ರೋಸ್ಕೋಪಿನ ಮೇಲಿಟ್ಟು ನನ್ನನ್ನು ಕರೆದರು. ಈ ಮೈಕ್ರೋಸ್ಕೋಪಿನಲ್ಲಿ ಮಸೂರ ಕೆಳಗಿರುತ್ತದೆ, ಬಾಟಲಿಯ ತಳಕ್ಕೆ ಅಂಟಿಕೊಂಡ ಕೋಶಗಳನ್ನು ಕೆಳಗಿನಿಂದ ನೋಡಬೇಕು. ಹಿಂದಿನ ದಿನ ಗುಂಡಗೆ ತೇಲುತ್ತಿದ್ದ ಕೋಶಗಳು ರಾತ್ರಿ ಕಳೆಯುವುದರೊಳಗೆ ನೆಲ ಹಿಡಿದು ಉದ್ದಕ್ಕೆ ಚಾಚಿಕೊಂಡಿದ್ದವು. ಎರಡೂ ತುದಿ ಚೂಪು, ನಡುವೆ ಉಬ್ಬು. ಮೂರನೆಯ ದಿನಕ್ಕೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಸಾಲುಸಾಲಾಗಿ ಮಲಗಿದ್ದವು. ಚುಂಚನಕಟ್ಟೆಯಲ್ಲಿ ಕಾವೇರಿ ಇಳಿದು ತಿಳಿಯಾದ ಕಾಲದಲ್ಲಿ ಬಂಡೆಯ ಸಂದಿನಲ್ಲಿ ಮೀನುಮರಿಗಳ ಹಿಂಡು ನೀರಿಗೆ ಎದುರಾಗಿ ನಿಂತಿರುತ್ತದಲ್ಲ, ಥೇಟ್ ಹಾಗೆ.

ಈ ಕೆಲಸದಲ್ಲಿ ಯಂತ್ರ ಎಷ್ಟೇ ಇರಲಿ, ನೋಡುವುದೇ ಮುಖ್ಯ. ಪೋಷಕ ದ್ರವಕ್ಕೆ ಒಂದು ಬಣ್ಣ ಹಾಕಿರುತ್ತಾರೆ. ಹೊಸದಾಗಿರುವಾಗ ದಾಸವಾಳದ ಕೆಂಪು. ಕೋಶಗಳು ತಿಂದು ಹುಳಿ ಬಿಟ್ಟಂತೆ ಕಿತ್ತಳೆಯಾಗಿ ಆಮೇಲೆ ಹಳದಿಯಾಗುತ್ತದೆ. ಬಾಟಲಿಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆರೆದ ಕೂಡಲೇ ಬಣ್ಣ ನೋಡಿಯೇ ಯಾವ ಬಾಟಲಿಗೆ ಹಸಿವು, ಯಾವುದು ಹೊಟ್ಟೆ ತುಂಬಿ ಕೂತಿದೆ, ಯಾವುದು ಏಕೋ ಬೆಳೆಯುತ್ತಿಲ್ಲ ಎಂದು ಹೇಳಬಹುದು. ಕೊಟ್ಟಿಗೆಗೆ ಕಾಲಿಟ್ಟ ಅವ್ವನಿಗೆ ಯಾವ ರಾಸು ಮೇವು ಬಿಟ್ಟಿದೆಯೆಂದು ಲಾಟೀನಿನ ಬೆಳಕಿನಲ್ಲೂ ತಿಳಿಯುತ್ತಿತ್ತು. ನಾನು ಕಲಿತದ್ದು ಆ ಕಣ್ಣನ್ನೇ.

ಬಾಟಲಿಯ ತಳ ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಿದರೆ ಕೋಶಗಳನ್ನು ಬೇರೆ ಬಾಟಲಿಗಳಿಗೆ ಹಂಚಬೇಕು. ಹಳೆಯ ದ್ರವ ಚೆಲ್ಲಿ, ತೊಳೆದು, ಒಂದಿಷ್ಟು ಟ್ರಿಪ್ಸಿನ್ ಹಾಕಬೇಕು. ಅದು ನಮ್ಮ ಕರುಳಿನಲ್ಲಿ ಬೇಳೆ, ಮಾಂಸ ಅರಗಿಸುವ ಕಿಣ್ವವೇ. ಕೋಶಗಳು ನೆಲಕ್ಕೆ ಅಂಟಿಕೊಂಡಿರುವ ಬೇರನ್ನು ಅದು ಸಡಿಲಿಸುತ್ತದೆ. ನೋಡನೋಡುತ್ತಾ ಉದ್ದನೆಯ ಕೋಶ ಮುದುಡಿ ಗುಂಡಗಾಗುತ್ತದೆ. ಆಗ ಬಾಟಲಿಯ ಪಕ್ಕಕ್ಕೆ ಅಂಗೈಯಿಂದ ಒಂದು ಮೆಲ್ಲನೆಯ ಏಟು. ಕೋಶಗಳ ಪರದೆ ಹಾಲಿನ ಕೆನೆಯಂತೆ ಜಾರಿ ಇಳಿಯುತ್ತದೆ. ಅರೆಕ್ಷಣ ಮೈಮರೆತರೂ ಟ್ರಿಪ್ಸಿನ್ ಕೋಶವನ್ನೇ ಅರಗಿಸಲು ತೊಡಗುತ್ತದೆ. ಅವಸರ ಮಾಡಿದರೆ ಗಂಟುಗಂಟಾಗಿ ಕಿತ್ತು ಬರುತ್ತವೆ. ಹದ ಕೈಗೆ ಹತ್ತಲು ನನಗೆ ಎರಡು ತಿಂಗಳು ಬೇಕಾಯಿತು.

ಒಮ್ಮೆ ನಾಟಿಯ ಕಾಲಕ್ಕೆ ಊರಿಗೆ ಹೋದಾಗ ತೆವರಿಯ ಮೇಲೆ ಕೂತು ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ನಾಲೆಗೆ ನೀರು ಬಿಟ್ಟಿದ್ದರು. ಗದ್ದೆಯ ಮೂಲೆಯಲ್ಲಿ ಒಟ್ಲು, ಅಂದರೆ ಭತ್ತದ ಸಸಿಮಡಿ, ಹಸಿರು ಚಾಪೆಯಂತೆ ಎದ್ದಿತ್ತು. ಅಪ್ಪ ಒಂದು ಹಿಡಿ ಪೈರು ಕಿತ್ತು, ಬೇರಿನ ಮಣ್ಣು ಕಾಲಿಗೆ ಬಡಿದು, "ನೀನೂ ನಾಟಿನೇ ಮಾಡ್ತಿರೋದು ಬಿಡು" ಅಂದರು. ಆಮೇಲೆ ಅವರು ಕೇಳಿದ ಪ್ರಶ್ನೆಗಳನ್ನು ನನ್ನ ಎಂಎಸ್ಸಿಯ ಮೌಖಿಕ ಪರೀಕ್ಷೆಯಲ್ಲೂ ಯಾರೂ ಕೇಳಿರಲಿಲ್ಲ. ಒಟ್ಲು ಬಲಿತರೆ ಏನಾಗುತ್ತದೆ? ಬಲಿತ ಕೋಶ ಒಂದರ ಮೇಲೊಂದು ಬಿದ್ದು ಸೊರಗುತ್ತದೆ, ಹೊಸ ಬಾಟಲಿಗೆ ಹಾಕಿದರೂ ಬೇಗ ಚೇತರಿಸಿಕೊಳ್ಳುವುದಿಲ್ಲ ಅಂದೆ. ಒಂದರಿಂದ ಎಷ್ಟು ಪಾತಿ? ನಾಲ್ಕು. ಅದೇ ಬೀಜವನ್ನು ಎಷ್ಟು ಸಲ ಬಿತ್ತುತ್ತೀರಿ? ಆ ಪ್ರಶ್ನೆಗೆ ನಾನು ಬೆರಗಾದೆ. ಹಂಚಿದ ಪ್ರತಿ ಸಲವೂ ಬಾಟಲಿಯ ಮೇಲೆ ಒಂದು ಸಂಖ್ಯೆ ಏರಿಸಿ ಬರೆಯುತ್ತೇವೆ. ಹಂಚುತ್ತಾ ಹಂಚುತ್ತಾ ಕೋಶದ ಗುಣ ಬದಲಾಗುತ್ತದೆ, ಗೊತ್ತುಮಾಡಿದ ಸಂಖ್ಯೆ ದಾಟಿದರೆ ಅಷ್ಟನ್ನೂ ಎಸೆದು ಕ್ಯಾನಿನಿಂದ ಹೊಸ ವಯಲ್ ಎಬ್ಬಿಸುತ್ತೇವೆ. "ಬಿತ್ತನೆ ಭತ್ತ ಬೇರೆ ಎತ್ತಿಡೋ ಹಂಗೆ" ಅಂದರು ಅಪ್ಪ. ಲಸಿಕೆ ತಯಾರಿಸುವವರು ಕೋಶದ ಮೂಲ ದಾಸ್ತಾನು ಎಂದು ಬೀಗ ಹಾಕಿ ಕಾಯುವುದು ಅದನ್ನೇ.

ಅಪ್ಪನಿಗೆ ಹೇಳದೆ ಮುಚ್ಚಿಟ್ಟ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಎರಡನೆಯ ವರ್ಷ ಒಂದು ಶನಿವಾರ ಪೋಷಕ ದ್ರವದ ಬಾಟಲಿಯನ್ನು ಬೆಳಕಿಗೆ ಹಿಡಿದಾಗ ತಳದಲ್ಲಿ ತೆಳ್ಳನೆಯ ಮೋಡದಂತೆ ಏನೋ ಕಂಡಿತು. ಕಣ್ಣಿನ ಭ್ರಮೆಯಿರಬಹುದು ಅಂದುಕೊಂಡೆ. ದುಬಾರಿ ದ್ರವ, ಚೆಲ್ಲಲು ಮನಸ್ಸು ಬರಲಿಲ್ಲ. ಅದನ್ನೇ ನಲವತ್ತು ಬಾಟಲಿಗೆ ಹಂಚಿ ಮನೆಗೆ ಹೋದೆ. ಸೋಮವಾರ ಬಾಗಿಲು ತೆರೆದರೆ ನಲವತ್ತೂ ಮಜ್ಜಿಗೆಯ ಹಾಗೆ ಕದಡಿದ್ದವು. ಬ್ಯಾಕ್ಟೀರಿಯಾ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು, ನಮ್ಮ ಕೋಶಕ್ಕೆ ಅದೇ ಕೆಲಸಕ್ಕೆ ಅರ್ಧ ದಿನವಾದರೂ ಬೇಕು. ಗದ್ದೆಗೆ ಹಂದಿ ನುಗ್ಗಿದ ಹಾಗೆ, ಏನೂ ಉಳಿದಿರಲಿಲ್ಲ. ಅಷ್ಟನ್ನೂ ಆಟೋಕ್ಲೇವಿನಲ್ಲಿ 121 ಡಿಗ್ರಿಗೆ ಬೇಯಿಸಿ ಚೆಲ್ಲಿದೆ. ಮೇಡಂ ಬೈಯಲಿಲ್ಲ. ರಿಜಿಸ್ಟರ್ ಮುಂದಿಟ್ಟು, ಶನಿವಾರ ಕಂಡದ್ದನ್ನೂ ಸೇರಿಸಿ ನನ್ನ ಕೈಯಲ್ಲೇ ಬರೆಸಿದರು. ಅನುಮಾನ ಬಂದದ್ದನ್ನು ಅವತ್ತಿನಿಂದ ನಾನು ಇಟ್ಟುಕೊಂಡಿಲ್ಲ.

ಸೋಸಿದ ಗಾಳಿಯಲ್ಲಿ ಬಾಟಲಿ ತೆರೆಯುವ ಒಂದು ಹುಡ್‌ನಲ್ಲಿ ಒಂದು ಹೊತ್ತಿಗೆ ಒಂದೇ ಬಗೆಯ ಕೋಶ. ಇದು ಇನ್ನೊಂದು ಕಟ್ಟುನಿಟ್ಟು. ಬೆರಕೆಯಾದರೆ ಕಣ್ಣಿಗೆ ಕಾಣುವುದಿಲ್ಲ. ಗದ್ದೆಯ ಬೆರಕೆಯನ್ನು ತೆನೆ ಬಂದಾಗಲಾದರೂ ಗುರುತಿಸಿ ಕೀಳಬಹುದು, ಇಲ್ಲಿ ಅದೂ ಇಲ್ಲ. ಹೆಲಾ ಎಂಬ ಕೋಶ ಲೋಕದ ಎಷ್ಟೋ ಪ್ರಯೋಗಾಲಯಗಳಲ್ಲಿ ಬೇರೆ ಕೋಶಗಳ ಬಾಟಲಿಗೆ ಗೊತ್ತಿಲ್ಲದೆ ನುಸುಳಿ, ಅವನ್ನು ತುಳಿದು ತಾನೇ ಬೆಳೆದುಬಿಟ್ಟಿತ್ತು. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಅದನ್ನು ಬಯಲು ಮಾಡಿದಾಗ, ಯಾವುದೋ ಕೋಶವೆಂದು ನಂಬಿ ಮಾಡಿದ ಎಷ್ಟೋ ಪ್ರಯೋಗಗಳು ಹೆಲಾ ಮೇಲೆ ನಡೆದಿದ್ದವೆಂದು ತಿಳಿಯಿತು. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಂಥ ಭಂಡಾರದಿಂದ ಕೋಶ ತರಿಸಿಕೊಳ್ಳಿ, ಪಕ್ಕದ ಲ್ಯಾಬಿನಿಂದ ಸಾಲ ತರಬೇಡಿ ಎಂದು ಹೊಸಬರಿಗೆ ಹೇಳುವುದು ಈ ಕಾರಣಕ್ಕೆ.

ಹೆಲಾ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ. ಹೆನ್ರಿಯೆಟ್ಟಾ ಲ್ಯಾಕ್ಸ್. ಅಮೆರಿಕದ ವರ್ಜೀನಿಯಾದ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿದು ಬೆಳೆದ ಕಪ್ಪು ಜನಾಂಗದ ಹೆಂಗಸು, ಐದು ಮಕ್ಕಳ ತಾಯಿ. 1951ರಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ 31ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಚಿಕಿತ್ಸೆಯ ವೇಳೆ ತೆಗೆದ ಗಡ್ಡೆಯ ಚೂರಿನಿಂದ ಬೆಳೆದ ಕೋಶ ಇಂದಿಗೂ ಲೋಕದ ತುಂಬ ಬೆಳೆಯುತ್ತಿದೆ. ಅವಳನ್ನು ಯಾರೂ ಕೇಳಿರಲಿಲ್ಲ. ಮನೆಯವರಿಗೆ ತಿಳಿದದ್ದೇ 1970ರ ದಶಕದಲ್ಲಿ. ಇದನ್ನು ಓದಿದ ರಾತ್ರಿ ಪಿರಿಯಾಪಟ್ಟಣದ ನನ್ನ ಸೋದರತ್ತೆ ಕಣ್ಣ ಮುಂದೆ ಬಂದಳು. ಹೊಗೆಸೊಪ್ಪಿನ ಎಲೆ ಕಿತ್ತು, ಕಡ್ಡಿಗೆ ಕಟ್ಟಿ, ಒಣಗಿಸುವ ಬ್ಯಾರನ್ನಿಗೆ ಏರಿಸಿ ಬಂದಾಗ ಅವಳ ಅಂಗೈ ಅಂಟು ಹಿಡಿದು ಕಪ್ಪಾಗಿರುತ್ತಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅವಳನ್ನು ಆಸ್ಪತ್ರೆಗೆ ಕರೆದೊಯ್ದಾಗ ಏನು ತೆಗೆದರು, ಏಕೆ ತೆಗೆದರು ಎಂದು ನಾವಾದರೂ ಕೇಳಿದ್ದೆವೇ? ಒಂದು ಕೋಶ ಯಾರದೆಂದು ತಿಳಿದುಕೊಂಡು ಬಾಟಲಿ ಮುಟ್ಟಬೇಕು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದನ್ನು ಮೊದಲ ದಿನವೇ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಕೋಶಕ್ಕೆ ಉಪ್ಪು, ಸಕ್ಕರೆ, ವಿಟಮಿನ್ ಮಾತ್ರ ಕೊಟ್ಟರೆ ಸಾಲದು, ಸೀರಂ ಬೇಕು. ಅಂದರೆ ದನದ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಹೊನ್ನಿನ ಬಣ್ಣದ ತಿಳಿ. ಎಲ್ಲಕ್ಕಿಂತ ಬೆಲೆ ಬಾಳುವುದು ಹುಟ್ಟದ ಕರುವಿನ ರಕ್ತದ್ದು, ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯಿಂದ ತೆಗೆದದ್ದು. ಇದನ್ನು ಅವ್ವನಿಗೆ ನಾನು ಎಂದೂ ಹೇಳಲಿಲ್ಲ. ಸೀರಂ ಬೇಡದ ದ್ರವಗಳು ಈಗ ಬಂದಿವೆ. ಅವು ಎಲ್ಲ ಕೋಶಕ್ಕೂ ಒಗ್ಗುವಂತಾಗಲಿ ಎಂದು ಮನಸಾರೆ ಬಯಸುತ್ತೇನೆ.

ಇಷ್ಟೆಲ್ಲ ಯಾತಕ್ಕೆ? ದನದ ಕಾಲುಬಾಯಿ ಜ್ವರದ ಲಸಿಕೆಗೆ. ಆ ರೋಗದ ವೈರಸ್ ಜೀವವಿಲ್ಲದ ದ್ರವದಲ್ಲಿ ಬೆಳೆಯದು, ಅದಕ್ಕೆ ಬದುಕಿರುವ ಕೋಶವೇ ಬೇಕು. ಹಿಂದೆ ಹಾಲೆಂಡಿನ ಫ್ರೆಂಕೆಲ್ ಎಂಬ ವಿಜ್ಞಾನಿ ಕಸಾಯಿಖಾನೆಯಿಂದ ತಂದ ದನದ ನಾಲಿಗೆಯ ಸಿಪ್ಪೆಯಲ್ಲಿ ಅದನ್ನು ಬೆಳೆಸುವ ದಾರಿ ಕಂಡುಹಿಡಿದಿದ್ದರು. ಲಸಿಕೆ ಬೇಕೆಂದರೆ ರಾಶಿ ರಾಶಿ ನಾಲಿಗೆ ಬೇಕು. 1962ರಲ್ಲಿ ಇಂಗ್ಲೆಂಡಿನ ಪರ್ಬ್ರೈಟ್‌ನಲ್ಲಿ ಈ ಬಿಎಚ್‌ಕೆ ಕೋಶದಲ್ಲಿ ವೈರಸ್ ಚೆನ್ನಾಗಿ ಬೆಳೆಯುವುದೆಂದು ಗೊತ್ತಾಯಿತು. ಅದೇ ವರ್ಷ ಕ್ಯಾಪ್‌ಸ್ಟಿಕ್ ಮತ್ತು ಅವರ ಸಂಗಡಿಗರು ಕೋಶಗಳನ್ನು ನೆಲ ಬಿಡಿಸಿ ದೊಡ್ಡ ಪಾತ್ರೆಯಲ್ಲಿ ತೇಲುತ್ತಲೇ ಬೆಳೆಯುವಂತೆ ಮಾಡಿದರು. ಅಲ್ಲಿಂದ ನಾಲಿಗೆಯ ಕಾಲ ಮುಗಿಯತೊಡಗಿತು. ನಮ್ಮ ಹೆಬ್ಬಾಳದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಆವರಣದಲ್ಲೂ, ಹೈದರಾಬಾದಿನಲ್ಲಿ ಎನ್‌ಡಿಡಿಬಿ ಕಟ್ಟಿದ ಇಂಡಿಯನ್ ಇಮ್ಯುನೊಲಾಜಿಕಲ್ಸ್‌ನಲ್ಲೂ ಲಸಿಕೆ ಬೆಳೆದು ಬಂದದ್ದು ಈ ಕೋಶದ ಮೇಲೆಯೇ. ಬಾಟಲಿಯಿಂದ ದೊಡ್ಡ ಬಾಟಲಿಗೆ, ಅಲ್ಲಿಂದ ಸ್ಟೀಲಿನ ಹಂಡೆಗೆ, ಅಲ್ಲಿಂದ ಇನ್ನೂ ದೊಡ್ಡ ಹಂಡೆಗೆ. ಕೋಶ ತುಂಬಿದಾಗ ವೈರಸ್ ಬಿಡುತ್ತಾರೆ. ಸುಮಾರು ಒಂದು ದಿನದೊಳಗೆ ಕೋಶಗಳೆಲ್ಲ ಒಡೆದು ದ್ರವದ ತುಂಬ ವೈರಸ್. ಅದನ್ನು ರಾಸಾಯನಿಕದಿಂದ ಕೊಂದು, ಶುದ್ಧ ಮಾಡಿ, ಎಣ್ಣೆ ಬೆರೆಸಿದರೆ ಲಸಿಕೆ. ತಿಂಗಳುಗಟ್ಟಲೆ ಸಾಕಿದ ಕೋಶ ಒಂದೇ ರಾತ್ರಿಯಲ್ಲಿ ಹೋಗುವುದನ್ನು ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ಕಂಡಾಗ ಗಂಟಲು ಕಟ್ಟಿತ್ತು.

ವೈರಸ್ ಇರುವ ಕಟ್ಟಡವೇ ಬೇರೆ. ಒಳಗೆ ಹೋಗುವಾಗ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿಡಬೇಕು, ಹೊರಬರುವಾಗ ತಲೆಗೂದಲು ಸಮೇತ ಸ್ನಾನ ಮಾಡಬೇಕು. ಆಮೇಲೂ ಕೆಲವು ದಿನ ದನ, ಕುರಿ, ಹಂದಿ ಇರುವ ಕಡೆ ಸುಳಿಯಬಾರದು.

2013ರಲ್ಲಿ ಕರ್ನಾಟಕದ ದಕ್ಷಿಣ ಜಿಲ್ಲೆಗಳಲ್ಲಿ ಕಾಲುಬಾಯಿ ಜ್ವರ ಎದ್ದಿತು. ಸಾವಿರಾರು ರಾಸುಗಳು ಸತ್ತವು. ಆಗ ಕೈ ಸಾಲದೆಂದು ನನ್ನನ್ನು ವೈರಸ್ ಕಟ್ಟಡಕ್ಕೂ ಹಾಕಿದ್ದರು. ಒಂದು ಸಂಜೆ ಸ್ನಾನ ಮುಗಿಸಿ ಹೊರಬಂದು ಫೋನ್ ತೆಗೆದರೆ ಅವ್ವನ ಏಳು ಕರೆ.

"ಸೀಮೆಹಸ ಮಲಗ್ಬುಟ್ಟದೆ ಕಣ್ ಮಗ. ಬಾಯಲ್ಲಿ ಜೊಲ್ಲು ಸುರೀತದೆ, ಕಾಲು ಊರಕ್ಕಾಯ್ತಿಲ್ಲ."

"ಸೂಜಿ ಹಾಕ್ಸಿರಲಿಲ್ವಾ ಅವ್ವ?"

ಅವ್ವ ಸುಮ್ಮನಾದಳು. ಆಮೇಲೆ ಹೇಳಿದಳು. "ಎತ್ತಿಗೆ ಹಾಕ್ಸುದ್ವಿ. ಇದಕ್ಕೆ ಹಾಲು ಕಮ್ಮಿಯಾಯ್ತದೆ ಅಂತ ನಾನೇ ಬ್ಯಾಡ ಅಂದೆ."

ಒಂಬತ್ತು ವರ್ಷ ನಾನು ಸಾಕಿದ್ದು ಆ ಲಸಿಕೆಯ ಕೋಶ. ಲಸಿಕೆ ಮಿರ್ಲೆಯ ನಮ್ಮ ಕೊಟ್ಟಿಗೆಯ ಬಾಗಿಲವರೆಗೂ ಬಂದು ಹಿಂದಕ್ಕೆ ಹೋಗಿತ್ತು. ತಪ್ಪು ಅವ್ವನದು ಅನ್ನಲಾರೆ. ಹಬ್ಬಕ್ಕೆ ಹೋದಾಗಲೆಲ್ಲ ಬಾಟಲಿಯ ಬಣ್ಣ, ಮೀನಿನ ಹಿಂಡು ಎಂದು ವರ್ಣಿಸಿದವಳು, ಸೂಜಿ ಹಾಕಿಸಿದರೆ ಹಾಲು ಎರಡು ಮೂರು ದಿನ ಕೊಂಚ ಕಡಿಮೆಯಾಗಿ ಮತ್ತೆ ಸರಿಹೋಗುತ್ತದೆ ಎಂಬ ಒಂದು ಮಾತು ಹೇಳಿರಲಿಲ್ಲ. ನಿಯಮದ ಪ್ರಕಾರ ಊರಿಗೆ ಹೋಗುವಂತೆಯೂ ಇರಲಿಲ್ಲ. ಫೋನಿನಲ್ಲೇ ಹೇಳಿದೆ. ಸೋಡಾ ಪುಡಿ ನೀರಿನಲ್ಲಿ ಬಾಯಿ ತೊಳೆಯಿರಿ, ಎತ್ತುಗಳನ್ನು ಬೇರೆ ಕಟ್ಟಿ, ಕರುವನ್ನು ಹಸುವಿನ ಹತ್ತಿರ ಬಿಡಬೇಡಿ. ಅವ್ವ ನಾಲಿಗೆಯ ಹುಣ್ಣಿಗೆ ರಾಗಿ ಹಿಟ್ಟು, ಜೇನುತುಪ್ಪ ಸವರಿದಳು, ಗಂಜಿ ಕುಡಿಸಿದಳು, ಗೊರಸಿನ ಸಂದಿಗೆ ಬೇವಿನೆಣ್ಣೆ ಹಚ್ಚಿದಳು. ಹಸು ಉಳಿಯಿತು. ಎರಡು ತಿಂಗಳ ಕರು ಮಾತ್ರ ಮರುದಿನ ಬೆಳಗಿನ ಜಾವ ನಿಂತಲ್ಲೇ ಬಿದ್ದು ಹೋಯಿತು. ಎಳೆಗರುಗಳಿಗೆ ಈ ವೈರಸ್ ಹೃದಯದ ಸ್ನಾಯುವಿಗೇ ಕೈಹಾಕುತ್ತದೆ, ಬಾಯಲ್ಲಿ ಒಂದು ಹುಣ್ಣೂ ಕಾಣಬೇಕಿಲ್ಲ.

ರಜೆ ಸಿಕ್ಕಿ ನಾನು ಹೋದದ್ದು ಸಂಕ್ರಾಂತಿಯ ಆಸುಪಾಸಿಗೆ. ಹಸು ಹೊಂಗೆಯ ನೆರಳಿನಲ್ಲಿ ನಿಂತೇ ಏದುಸಿರು ಬಿಡುತ್ತಿತ್ತು. ಕಾಲುಬಾಯಿ ಬಂದು ವಾಸಿಯಾದ ಎಷ್ಟೋ ಹಸುಗಳು ಹೀಗೆ, ಬಿಸಿಲು ತಡೆಯವು, ಮೊದಲಿನಷ್ಟು ಹಾಲು ಕೊಡವು. ಅವ್ವ ನನ್ನ ಮುಖ ನೋಡದೆ ಕಲಗಚ್ಚು ಕಲಸುತ್ತಿದ್ದಳು. ನಾನೂ ಏನೂ ಅನ್ನದೆ ಪಕ್ಕದಲ್ಲಿ ಕೂತೆ.

ನಮ್ಮ ತಾತನ ಕಾಲದಲ್ಲಿ ದನಗಳಿಗೆ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಬಂದರೆ ಊರಿನ ಕೊಟ್ಟಿಗೆಗಳೇ ಖಾಲಿಯಾಗುತ್ತಿದ್ದವಂತೆ. ಅದನ್ನು ತಡೆಯಲೆಂದೇ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಅದೇ ಈಗ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ. ವಾಲ್ಟರ್ ಪ್ಲೌರೈಟ್ ಎಂಬ ಪಶುವೈದ್ಯರು ಕೀನ್ಯಾದಲ್ಲಿ ಕರುವಿನ ಮೂತ್ರಪಿಂಡದ ಕೋಶದಲ್ಲಿ ದೊಡ್ಡರೋಗದ ವೈರಸ್ಸನ್ನು ಮೇಲಿಂದ ಮೇಲೆ ಬೆಳೆಸಿ, ಅದರ ಹಲ್ಲು ಕಿತ್ತು ಲಸಿಕೆ ಮಾಡಿದರು. 2011ರಲ್ಲಿ ಆ ರೋಗ ಭೂಮಿಯಿಂದಲೇ ತೊಲಗಿತೆಂದು ಸಾರಲಾಯಿತು. ಮನುಷ್ಯ ಲೋಕದಿಂದಲೇ ಓಡಿಸಿದ ರೋಗ ಸಿಡುಬು ಬಿಟ್ಟರೆ ಇದೊಂದೇ. ಇಂದಿನ ಹುಡುಗರಿಗೆ ದೊಡ್ಡರೋಗವೆಂದರೆ ಏನೆಂದೇ ಗೊತ್ತಿಲ್ಲ. ಕಾಲುಬಾಯಿ ಅಷ್ಟು ಸುಲಭದ್ದಲ್ಲ. ಅದರಲ್ಲಿ ಏಳು ಬಗೆಯ ವೈರಸ್ಸುಗಳಿವೆ, ನಮ್ಮ ದೇಶದ ಲಸಿಕೆಯಲ್ಲಿ ಮೂರು ಬಗೆಗೆ ರಕ್ಷಣೆ ಸೇರಿಸಬೇಕು, ಅದರ ಬಲವೂ ತಿಂಗಳುಗಳ ಲೆಕ್ಕದಲ್ಲಿ ಇಳಿಯುತ್ತದೆ. ಅದಕ್ಕೇ ಆರು ತಿಂಗಳಿಗೊಮ್ಮೆ ಹಾಕಿಸಬೇಕು. 2019ರಿಂದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಇದನ್ನು ಉಚಿತವಾಗಿ ಮನೆಬಾಗಿಲಿಗೇ ತಂದು ಹಾಕುತ್ತಿದ್ದಾರೆ. ರಾಸಿನ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕುವುದು ಆ ಲೆಕ್ಕಕ್ಕೇ.

ಮಿರ್ಲೆ, ಸಾಲಿಗ್ರಾಮ, ಚುಂಚನಕಟ್ಟೆ ಕಡೆಯ ಅಣ್ಣತಮ್ಮಂದಿರಲ್ಲಿ, ಅಕ್ಕಂದಿರಲ್ಲಿ ನನ್ನದೊಂದು ಬೇಡಿಕೆ. ಸೂಜಿ ಹಾಕುವವರು ಐಸ್ ಡಬ್ಬಿ ಹಿಡಿದು ಬಂದಾಗ ಕರೆಯುವ ಹಸುವನ್ನು ಹಿತ್ತಲಿಗೆ ಅಟ್ಟಬೇಡಿ. ತುಂಬುಗಬ್ಬವಾಗಿದ್ದರೆ ಡಾಕ್ಟರನ್ನು ಕೇಳಿ, ಅವರು ಯಾವಾಗ ಹಾಕಬೇಕೆಂದು ಹೇಳುತ್ತಾರೆ. ಕರುವಿಗೆ ನಾಲ್ಕು ತಿಂಗಳು ತುಂಬಿದಾಗ ಮೊದಲ ಸೂಜಿ, ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ಆರು ತಿಂಗಳಿಗೊಂದು. ಅವ್ವ ಈಗ ಆ ತಾರೀಕುಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆಸಿದ್ದಾಳೆ.